ಕಿತ್ತಳೆ ಹರಳಿನಿಂದ ಎಕ್ಸ್-ರೇ ಚಿತ್ರ: ಒಂದು ಪೆರೋವ್‌ಸ್ಕೈಟ್ ಡಿಟೆಕ್ಟರ್ ಕಟ್ಟಿದ ದಾಖಲೆ

5 ಮಿ.ಮೀ. ಚೌಕದ, 2 ಮಿ.ಮೀ. ದಪ್ಪದ ಒಂದು ಕಿತ್ತಳೆ ಹರಳು. ಅದರ ಎರಡು ಮುಖಗಳಿಗೆ ತೆಳುವಾದ ಲೋಹದ ಲೇಪ. ಒಂದು ಆಂಪ್ಲಿಫೈಯರ್, ಸೀಸದ ಹಾಳೆಯಲ್ಲಿ ಕೊರೆದ ಒಂದು ಸೂಜಿರಂಧ್ರ, ಎರಡು ದಿಕ್ಕಿಗೆ ಸರಿಯುವ ಒಂದು ಸ್ಟೇಜ್. ಬಾಲ್‌ಪೆನ್ನಿನ ಒಳಗಿರುವ ಸ್ಪ್ರಿಂಗ್‌ನ ಸುರುಳಿಗಳನ್ನು ಎಣಿಸಬಲ್ಲಂಥ ಎಕ್ಸ್-ರೇ ಚಿತ್ರಕ್ಕೆ ಇಷ್ಟು ಸಾಕಾಯಿತು. ಹರಳಿನ ಹೆಸರು ಮೀಥೈಲ್‌ಅಮೋನಿಯಂ ಲೆಡ್ ಬ್ರೋಮೈಡ್. ಲೋಹ-ಹ್ಯಾಲೈಡ್ ಪೆರೋವ್‌ಸ್ಕೈಟ್ ಕುಟುಂಬದಲ್ಲಿ (ಒಂದೇ ಬಗೆಯ ಹರಳುರಚನೆ ಹಂಚಿಕೊಂಡ ವಸ್ತುಗಳು) ಕೈಗೆ ಸುಲಭವಾಗಿ ದಕ್ಕುವುದು ಇದೇ. ದ್ರಾವಣದಲ್ಲಿ, ನೂರು ಡಿಗ್ರಿಗಿಂತ ಕಡಿಮೆ ಶಾಖದಲ್ಲಿ ಬೆಳೆಯುತ್ತದೆ; ಅದಕ್ಕೆ ಕುಲುಮೆ ಬೇಡ.

ಎಕ್ಸ್-ರೇ ಬಿದ್ದಾಗ ಈ ಹರಳಿನಲ್ಲಿ ವಿದ್ಯುತ್ ಹುಟ್ಟಿಸುವುದು ಕಷ್ಟವೇ ಅಲ್ಲ. ಕಷ್ಟವಿರುವುದು ಕಿರಣವಿಲ್ಲದಾಗಲೂ ಹರಿಯುತ್ತಲೇ ಇರುವ ಡಾರ್ಕ್ ಕರೆಂಟ್ ಅನ್ನು ತಗ್ಗಿಸಿ, ಅಲುಗದಂತೆ ನಿಲ್ಲಿಸುವುದರಲ್ಲಿ. ನನ್ನ ಶ್ರಮದ ಬಹುಪಾಲು ಅಲ್ಲಿಗೇ ಹೋಯಿತು. ಆದ್ದರಿಂದ ಈ ಬರಹದ ಬಹುಪಾಲೂ ಅದರ ಬಗ್ಗೆಯೇ.

ಮೊದಲು ಲೆಕ್ಕ

ಎಕ್ಸ್-ರೇಯನ್ನು ತಡೆದು ಹೀರಲು ಭಾರವಾದ ಪರಮಾಣುಗಳು ಬೇಕು. ಪರಮಾಣು ಸಂಖ್ಯೆ ಹೆಚ್ಚಿದಂತೆ ಹೀರಿಕೆ ಸರಿಸುಮಾರು ಅದರ ನಾಲ್ಕನೇ ಘಾತದಲ್ಲಿ ಏರುತ್ತದೆ. ಈ ಹರಳಿನ ತೂಕದಲ್ಲಿ ಶೇ. 43ರಷ್ಟು ಸೀಸ, ಅರ್ಧದಷ್ಟು ಬ್ರೋಮಿನ್. ಸೀಸದ ಪರಮಾಣು ಸಂಖ್ಯೆ 82, ಬ್ರೋಮಿನ್‌ನದು 35. 50 ಕೆಇವಿ (ಕಿಲೋ ಎಲೆಕ್ಟ್ರಾನ್‌ವೋಲ್ಟ್) ಶಕ್ತಿಯ ಕಿರಣ 2 ಮಿ.ಮೀ. ದಪ್ಪದ ಈ ಹರಳನ್ನು ಹೊಕ್ಕರೆ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚು ಒಳಗೇ ಉಳಿಯುತ್ತದೆ. ಅಷ್ಟೇ ದಪ್ಪದ ಸಿಲಿಕಾನ್ ಐದರಲ್ಲಿ ಒಂದು ಪಾಲನ್ನೂ ಹಿಡಿಯುವುದಿಲ್ಲ.

ಹೀರಿದ ಶಕ್ತಿ ಎಲೆಕ್ಟ್ರಾನ್-ಹೋಲ್ ಜೋಡಿಗಳಾಗಿ (ಒಂದು ಎಲೆಕ್ಟ್ರಾನ್, ಅದು ಬಿಟ್ಟುಹೋದ ಧನ ಚಾರ್ಜಿನ ಖಾಲಿ ಜಾಗ) ಒಡೆಯುತ್ತದೆ. ಬ್ಯಾಂಡ್ ಅಂತರ (ಎಲೆಕ್ಟ್ರಾನನ್ನು ಬಂಧದಿಂದ ಬಿಡಿಸಲು ಬೇಕಾದ ಕನಿಷ್ಠ ಶಕ್ತಿ) ಸುಮಾರು 2.2 ಎಲೆಕ್ಟ್ರಾನ್‌ವೋಲ್ಟ್ ಇರುವ ಅರೆವಾಹಕದಲ್ಲಿ ಒಂದು ಜೋಡಿಗೆ ಅದರ ಮೂರು ಪಟ್ಟು, ಅಂದರೆ 6ರಿಂದ 7 ಎಲೆಕ್ಟ್ರಾನ್‌ವೋಲ್ಟ್ ಖರ್ಚಾಗುತ್ತದೆ. ಹಾಗಾಗಿ 50 ಕೆಇವಿಯ ಒಂದೇ ಫೋಟಾನ್ ಏಳು ಸಾವಿರಕ್ಕೂ ಮಿಕ್ಕಿ ಜೋಡಿಗಳನ್ನು ಹುಟ್ಟಿಸುತ್ತದೆ. ಆಸ್ಪತ್ರೆಯ ಫ್ಲಾಟ್-ಪ್ಯಾನೆಲ್‌ಗಳಲ್ಲಿ ಬಳಕೆಯಲ್ಲಿರುವ, ಥ್ಯಾಲಿಯಂ ಬೆರೆಸಿದ ಸೀಸಿಯಂ ಅಯೋಡೈಡ್ ಮೊದಲು ಬೆಳಕು ಹೊಮ್ಮಿಸಿ, ಆ ಬೆಳಕನ್ನು ಫೋಟೋಡಯೋಡ್ ಓದಬೇಕು. ಅಲ್ಲಿ ಅದೇ ಶಕ್ತಿಗೆ ಸಿಗುವುದು ಮೂರು ಸಾವಿರದೊಳಗಿನ ಬೆಳಕಿನ ಫೋಟಾನ್‌ಗಳು, ಅವೂ ಹಾದಿಯಲ್ಲಿ ಚದುರುತ್ತವೆ. ನೇರವಾಗಿ ವಿದ್ಯುತ್ತನ್ನೇ ಕೊಡುವ ಹರಳಿನ ಆಕರ್ಷಣೆ ಇಲ್ಲಿದೆ.

ಈಗ ಇನ್ನೊಂದು ಬದಿ. 2016ರಲ್ಲಿ ನೆಬ್ರಾಸ್ಕಾ-ಲಿಂಕನ್ ವಿಶ್ವವಿದ್ಯಾಲಯದ ಜಿನ್‌ಸಾಂಗ್ ಹುವಾಂಗ್ ತಂಡ ಇದೇ ಹರಳಿನಿಂದ ಡಿಟೆಕ್ಟರ್ ಮಾಡಿ, ಪ್ರತಿ ಗ್ರೇ (ವಿಕಿರಣದ ಡೋಸ್ ಅಳೆಯುವ ಮಾನ), ಪ್ರತಿ ಚದರ ಸೆಂ.ಮೀ.ಗೆ 80 ಮೈಕ್ರೋಕೂಲಂಬ್ ಸಂವೇದನೆಯನ್ನು ವರದಿ ಮಾಡಿತು. ಆ ಅಂಕಿಯನ್ನೇ ಹಿಡಿದು ಲೆಕ್ಕ ಹಾಕೋಣ. ಸೆಕೆಂಡಿಗೆ 10 ಮೈಕ್ರೋಗ್ರೇ ಡೋಸ್ ಬಿದ್ದರೆ ನನ್ನ ಕಾಲು ಚದರ ಸೆಂ.ಮೀ. ಹರಳಿನಿಂದ ಬರುವುದು 0.2 ನ್ಯಾನೋಆಂಪಿಯರ್. ಇದು ಸಂಕೇತ. ಹರಳಿನ ರೋಧಶೀಲತೆ (ಕರೆಂಟನ್ನು ತಡೆಯುವ ಗುಣ) ಸುಮಾರು 10 ಕೋಟಿ ಓಮ್-ಸೆಂಟಿಮೀಟರ್ ಎಂದು ಉದಾರವಾಗಿ ಇಟ್ಟುಕೊಂಡರೂ ಕೇವಲ 1 ವೋಲ್ಟ್ ಬಯಾಸ್‌ನಲ್ಲಿ (ಹರಳಿಗೆ ಹೊರಗಿನಿಂದ ಕೊಡುವ ವೋಲ್ಟೇಜ್) ಹರಿಯುವ ಡಾರ್ಕ್ ಕರೆಂಟ್ 12 ನ್ಯಾನೋಆಂಪಿಯರ್, ಸಂಕೇತದ ಅರವತ್ತು ಪಟ್ಟು. ಈ 12 ಅಲುಗದೆ ನಿಂತಿದ್ದರೆ ಕಳೆದುಬಿಡಬಹುದಿತ್ತು. ಅದು ನಿಲ್ಲುವುದಿಲ್ಲ. ತುಂಬಿದ ಮೂಟೆಯೊಂದಿಗೆ ಒಂದು ಸಾಸಿವೆ ಕಾಳನ್ನು ತೂಗಬೇಕು, ತಕ್ಕಡಿಯೂ ತೂಗಾಡುತ್ತಿದೆ.

ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿ ಗೋಡೆಗೆ ಅಂಟಿಸಿಕೊಂಡ ಮೇಲೆಯೇ ಕೆಲಸಕ್ಕೆ ಇಳಿದದ್ದು. ಮುಂದಿನ ಒಂದೊಂದು ನಿರ್ಧಾರವೂ ಅದರಿಂದಲೇ ಹುಟ್ಟಿತು.

ಹರಳು ಬೆಳೆಸುವುದು

ಸಕ್ಕರೆ, ಪಟಿಕದ ಹರಳುಗಳನ್ನು ಬಿಸಿ ದ್ರಾವಣ ತಣಿಸಿ ಬೆಳೆಸುತ್ತೇವೆ. ಇಲ್ಲಿ ಎಲ್ಲವೂ ತಿರುಗುಮುರುಗು. ಡೈಮೀಥೈಲ್ ಫಾರ್ಮಮೈಡ್ ಅಥವಾ ಡಿಎಂಎಫ್ ಎಂಬ ದ್ರಾವಕದಲ್ಲಿ ಈ ವಸ್ತು ತಣ್ಣಗಿದ್ದಾಗ ಹೆಚ್ಚು ಕರಗುತ್ತದೆ, ಬಿಸಿಯಾದಾಗ ಕಡಿಮೆ. ದ್ರಾವಕದ ಅಣುಗಳು ಸೀಸವನ್ನು ಸುತ್ತುವರಿದು ಹಿಡಿದುಕೊಂಡಿರುತ್ತವೆ. ಶಾಖ ಆ ಹಿಡಿತವನ್ನು ಸಡಿಲಿಸಿದಾಗ ಬಿಡುಗಡೆಯಾದ ಘಟಕಗಳು ಹರಳಾಗಿ ಕೂಡಿಕೊಳ್ಳುತ್ತವೆ. ಈ ಗುಣವನ್ನು ಬಳಸಿ ಗಂಟೆಗಳಲ್ಲೇ ದೊಡ್ಡ ಹರಳು ಬೆಳೆಸುವ ದಾರಿಯನ್ನು 2015ರಲ್ಲಿ ಸೌದಿ ಅರೇಬಿಯಾದ ಕಿಂಗ್ ಅಬ್ದುಲ್ಲಾ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಒಸ್ಮಾನ್ ಬಕ್ರ್ ತಂಡ ತೋರಿಸಿಕೊಟ್ಟಿತು.

ಅಳತೆ ಸರಳ. 10 ಮಿ.ಲೀ. ಡಿಎಂಎಫ್‌ಗೆ 1.12 ಗ್ರಾಂ ಮೀಥೈಲ್‌ಅಮೋನಿಯಂ ಬ್ರೋಮೈಡ್, 3.67 ಗ್ರಾಂ ಲೆಡ್ ಬ್ರೋಮೈಡ್. ಇದು ಒಂದು ಮೋಲಾರ್ ದ್ರಾವಣ. ಕೊಠಡಿಯ ಉಷ್ಣತೆಯಲ್ಲೇ ಕಲಕುತ್ತಿದ್ದರೆ ನೀರಿನಷ್ಟು ತಿಳಿಯಾಗುತ್ತದೆ. ಬೇಗ ಕರಗಲೆಂದು ಬಿಸಿ ಮಾಡಬಾರದು. ಇಲ್ಲಿ ಬಿಸಿ ಎಂದರೆ ಹರಳುಗಟ್ಟುವುದು. ಆಮೇಲೆ 0.2 ಮೈಕ್ರಾನ್ ಟೆಫ್ಲಾನ್ ಫಿಲ್ಟರಿನಲ್ಲಿ ಸೋಸಬೇಕು. ಸೋಸದ ದ್ರಾವಣದಲ್ಲಿ ಒಂದೊಂದು ಧೂಳಿನ ಕಣವೂ ಒಂದೊಂದು ಹರಳಿಗೆ ಬೀಜವಾಗಿ, ಕೊನೆಗೆ ಉಳಿಯುವುದು ಕಿತ್ತಳೆ ಮರಳು. ದ್ರಾವಕ ಹೊಸದಾಗಿ, ಒಣದಾಗಿ ಇರುವುದೂ ಮುಖ್ಯ. ತೇವ ಸೇರಿದ ಡಿಎಂಎಫ್ ಬಿಸಿಯಲ್ಲಿ ಒಡೆದು ಡೈಮೀಥೈಲ್‌ಅಮೈನ್ ಬಿಡುತ್ತದೆ, ಅದು ಹರಳಿನ ಜಾಲದೊಳಗೆ ನುಸುಳುತ್ತದೆ.

ಇಲ್ಲಿ ಸುರಕ್ಷತೆಯ ಮಾತು ಬರಲೇಬೇಕು. ಡಿಎಂಎಫ್ ಚರ್ಮದ ಮೂಲಕ ದೇಹಕ್ಕೆ ಇಳಿಯುತ್ತದೆ, ಸಂತಾನಶಕ್ತಿಗೆ ಹಾನಿಕರ. ತನ್ನೊಳಗೆ ಕರಗಿರುವ ಸೀಸವನ್ನೂ ಜೊತೆಗೇ ಒಯ್ಯಬಲ್ಲದು. ತೆಳು ನೈಟ್ರೈಲ್ ಕೈಗವಸನ್ನು ಡಿಎಂಎಫ್ ಬಹುಬೇಗ ದಾಟುತ್ತದೆ, ಹಾಗಾಗಿ ಅದರ ಕೆಳಗೆ ಬ್ಯೂಟೈಲ್ ರಬ್ಬರಿನದು ಬೇಕು. ಎಲ್ಲ ಕೆಲಸವೂ ಫ್ಯೂಮ್ ಹುಡ್‌ನಲ್ಲಿ. ಉಳಿದ ದ್ರಾವಣ, ಒರೆಸಿದ ಕಾಗದ, ಫಿಲ್ಟರ್ ಎಲ್ಲವೂ ಸೀಸದ ತ್ಯಾಜ್ಯವೆಂದು ಚೀಟಿ ಹಚ್ಚಿದ ಡಬ್ಬಕ್ಕೆ ಹೋಗಬೇಕು, ಒಂದು ಹನಿಯೂ ಸಿಂಕಿಗೆ ಹೋಗಕೂಡದು. ಇದು ಮನೆಯಲ್ಲಿ ಮಾಡುವ ಪ್ರಯೋಗವಲ್ಲ.

ದ್ರಾವಣವನ್ನು 80 ಡಿಗ್ರಿಗೆ ನೇರವಾಗಿ ಒಯ್ದರೆ ಹರಳು ಬರುತ್ತದೆ, ಬೇಗವೂ ಬರುತ್ತದೆ. ಆದರೆ ಅವಸರದಲ್ಲಿ ಬೆಳೆದ ಹರಳಿನ ಹೊಟ್ಟೆಯಲ್ಲಿ ದ್ರಾವಣದ ಗುಳ್ಳೆಗಳು ಸಿಕ್ಕಿಕೊಂಡಿರುತ್ತವೆ. ಸೂರ್ಯನ ಬೆಳಕಿನ ಪ್ರಯೋಗಕ್ಕೆ ಅದು ನಡೆಯಬಹುದು. ಡಾರ್ಕ್ ಕರೆಂಟ್‌ಗೆ ಹೆದರುವವರಿಗೆ ಸಲ್ಲದು. ನಾನು ಹಿಡಿದ ಕ್ರಮ ಹೀಗೆ: ಸೋಸಿದ ದ್ರಾವಣದ ಸ್ವಲ್ಪ ಭಾಗವನ್ನು ಪುಟ್ಟ ಸೀಸೆಯಲ್ಲಿಟ್ಟು ಎಣ್ಣೆಯ ತೊಟ್ಟಿಯಲ್ಲಿ ನಿಧಾನವಾಗಿ ಬಿಸಿ ಮಾಡಿ, ಮೊದಲ ಕಿತ್ತಳೆ ಚುಕ್ಕೆ ಕಾಣುವ ಉಷ್ಣತೆಯನ್ನು ಗುರುತು ಹಾಕಿಕೊಳ್ಳುವುದು. ಪ್ರತಿ ಬ್ಯಾಚಿಗೂ ಅದು ತುಸು ಬೇರೆ. ಆ ಸೀಸೆಯ ಹರಳುಗಳಲ್ಲೇ ಅಂಚು ಚೂಪಾಗಿರುವ, ಒಳಗೆ ಮಂಜಿಲ್ಲದ ಒಂದನ್ನು ಬೀಜವಾಗಿ ಆರಿಸುವುದು. ಉಳಿದ ದ್ರಾವಣವನ್ನು ಗುರುತಿನ ಉಷ್ಣತೆಗಿಂತ ಎರಡು ಮೂರು ಡಿಗ್ರಿ ಕೆಳಗೆ ನಿಲ್ಲಿಸಿ, ಬೀಜವನ್ನೂ ಅದೇ ಬಿಸಿಗೆ ತಂದು ಇಳಿಬಿಡುವುದು. ಅಲ್ಲಿಂದ ದಿನಕ್ಕೆ ಒಂದೆರಡು ಡಿಗ್ರಿಯಷ್ಟೇ ಏರಿಕೆ.

ಎಣ್ಣೆ ದ್ರಾವಣದ ಮಟ್ಟಕ್ಕಿಂತ ಮೇಲೆಯೇ ಇರಬೇಕು. ಹಾಟ್‌ಪ್ಲೇಟಿನ ಮೇಲೆ ಬರೀ ಸೀಸೆ ಇಟ್ಟರೆ ತಳ ಬಿಸಿ, ಮೇಲು ತಣ್ಣಗೆ. ತಳದಲ್ಲೆಲ್ಲ ಬೇಡದ ಹರಳುಗಳು ಮೂಡುತ್ತವೆ. ಗಾಜಿನ ಒಳಮೈಯನ್ನು ಸಿಲೇನ್‌ನಿಂದ ಲೇಪಿಸಿದಾಗ ಗೋಡೆಗೆ ಕಚ್ಚುವ ಹರಳುಗಳು ಎದ್ದು ಕಾಣುವಷ್ಟು ಕಡಿಮೆಯಾದವು. ಈ ಒಂದು ಹೆಜ್ಜೆಯನ್ನು ಯಾರೂ ಬಿಡಬಾರದು.

ಹೊರತೆಗೆಯುವ ಗಳಿಗೆ ಬೆಳೆಸುವುದಕ್ಕಿಂತ ನಾಜೂಕು. ದ್ರಾವಣ ತಣಿಯುತ್ತಾ ಹೋದರೆ ಹರಳು ಮತ್ತೆ ಕರಗತೊಡಗಿ ಮೈಯೆಲ್ಲ ಕುಳಿ ಬೀಳುತ್ತದೆ. ಹಾಗೆಂದು ಬಿಸಿ ಹರಳನ್ನು ತಣ್ಣನೆಯ ಮೇಜಿನ ಮೇಲಿಟ್ಟರೆ ಕಣ್ಣಿಗೆ ಕಾಣದ ಬಿರುಕು. ಹಾಗಾಗಿ ಚಿಮಟವನ್ನೂ ಒರೆಸುವ ಕಾಗದವನ್ನೂ ಮೊದಲೇ ಬಿಸಿ ಮಾಡಿಟ್ಟು, ಹರಳನ್ನು ಎತ್ತಿದ ತಕ್ಷಣ ಒರೆಸಿ, ದ್ರಾವಣದಷ್ಟೇ ಬಿಸಿಯಿರುವ ಇನ್ನೊಂದು ಪ್ಲೇಟಿನ ಮೇಲಿಟ್ಟು, ರಾತ್ರಿಯಿಡೀ ನಿಧಾನವಾಗಿ ತಣಿಯಬಿಟ್ಟೆ.

ಒಳಗೆ ಬಿಗಿತ ಉಳಿದಿದೆಯೇ ಎಂದು ನೋಡಲು ಸೊಗಸಾದ ಉಪಾಯವೊಂದಿದೆ. ಕೊಠಡಿಯ ಉಷ್ಣತೆಯಲ್ಲಿ ಇದು ಘನಾಕೃತಿಯ ಜಾಲ, ಬೆಳಕಿಗೆ ಎಲ್ಲ ದಿಕ್ಕೂ ಒಂದೇ. ಅಡ್ಡಲಾಗಿ ತಿರುಗಿಸಿದ ಎರಡು ಪೋಲರೈಸರ್‌ಗಳ ನಡುವೆ ಕೆಂಪು ಬೆಳಕಿನಲ್ಲಿ ಇಟ್ಟು ನೋಡಿದರೆ ಒಳ್ಳೆಯ ಹರಳು ಪೂರ್ತಿ ಕಪ್ಪಾಗಿ ಕಾಣಬೇಕು. ಬಿಗಿತವಿದ್ದಲ್ಲಿ ಬೆಳಕಿನ ಎಳೆಗಳು ಹೊಳೆಯುತ್ತವೆ. ಹೊರಗಿನಿಂದ ಅಪ್ಪಟ ಗಾಜಿನಂತೆ ಮಿನುಗುತ್ತಿದ್ದ ಎಷ್ಟೋ ಹರಳುಗಳನ್ನು ಈ ಪರೀಕ್ಷೆಯಲ್ಲೇ ಪಕ್ಕಕ್ಕಿಟ್ಟೆ. ಅಂಥ ಹರಳಿನ ಡಾರ್ಕ್ ಕರೆಂಟ್ ಅನ್ನೂ ಒಮ್ಮೆ ಅಳೆದು ನೋಡಿದ್ದೇನೆ. ಹೊಳೆಯುವ ಎಳೆಗಳಿದ್ದವುಗಳಲ್ಲಿ ಅದು ಹೆಚ್ಚು, ಅಲುಗಾಟವೂ ಹೆಚ್ಚು.

ಮೈ ಉಜ್ಜುವುದು, ಲೋಹ ಹಚ್ಚುವುದು

ನೀರು ತಾಕಿದರೆ ಮೀಥೈಲ್‌ಅಮೋನಿಯಂ ಬ್ರೋಮೈಡ್ ಮಾತ್ರ ಕರಗಿ ಹೋಗಿ ಮೇಲೆ ಲೆಡ್ ಬ್ರೋಮೈಡ್‌ನ ಬಿಳಿ ಪೊರೆ ಉಳಿಯುತ್ತದೆ. ಆಲ್ಕೋಹಾಲ್‌ನದೂ ಅದೇ ಕಥೆ. ಹಾಗಾಗಿ ಮರಳುಕಾಗದಕ್ಕೆ ಖನಿಜ ತೈಲ ಹಚ್ಚಿ, ಒರಟಿನಿಂದ ನಯಕ್ಕೆ ಇಳಿಯುತ್ತಾ ಎರಡೂ ಮುಖಗಳನ್ನು ಸಮಾನಾಂತರವಾಗಿ ಉಜ್ಜಿದೆ. ಸೀಸದ ಧೂಳು ಗಾಳಿಗೆ ಏಳದಂತೆಯೂ ತೈಲ ತಡೆಯುತ್ತದೆ. ಕೊನೆಗೆ ಟೊಲ್ಯೂಯೀನ್‌ನಲ್ಲಿ ತೈಲ ತೊಳೆದೆ.

ಉಜ್ಜಿದ ಮೈಯಲ್ಲಿ ಕಡಿದುಹೋದ ಬಂಧಗಳು ಬೇಕಾದಷ್ಟಿರುತ್ತವೆ. ಅವು ಚಾರ್ಜನ್ನು ನುಂಗುತ್ತವೆ, ಅಂಚಿನ ಉದ್ದಕ್ಕೂ ಸೋರಿಕೆಗೆ ದಾರಿಯನ್ನೂ ಮಾಡಿಕೊಡುತ್ತವೆ. 2016ರ ಕೆಲಸದಲ್ಲಿ ಹುವಾಂಗ್ ತಂಡ ಹರಳಿನ ಮೈಗೆ ಅತಿನೇರಳೆ-ಓಜೋನ್ ಉಪಚಾರ ಕೊಟ್ಟಿತ್ತು. ನಾನೂ ಅದನ್ನೇ ಅನುಸರಿಸಿದೆ.

ಎರಡೂ ಬದಿಗೆ ಚಿನ್ನ ಹಚ್ಚುವುದು ಸುಲಭದ ದಾರಿ. ಆಗ ಡಿಟೆಕ್ಟರ್ ಒಂದು ರೆಸಿಸ್ಟರಿನಂತೆ ವರ್ತಿಸುತ್ತದೆ, ಗೋಡೆಗೆ ಅಂಟಿಸಿದ 12 ನ್ಯಾನೋಆಂಪಿಯರ್ ಹಾಗೆಯೇ ಹರಿಯುತ್ತದೆ. ಒಂದು ಬದಿ ಚಿನ್ನ, ಇನ್ನೊಂದು ಬದಿ ಫುಲ್ಲರೀನ್ ಸಿ-60, ಅದರ ಮೇಲೆ ಬಿಸಿಪಿ ಎಂಬ ಸಾವಯವ ಪದರ, ಅದರ ಮೇಲೆ ಕ್ರೋಮಿಯಂ ಹಾಕಿದಾಗ ಅದು ಒಂದೇ ದಿಕ್ಕಿಗೆ ಕರೆಂಟ್ ಬಿಡುವ ಡಯೋಡ್ ಆಗುತ್ತದೆ. ಚಿನ್ನದ ಬದಿಗೆ ಋಣ ವೋಲ್ಟೇಜ್ ಕೊಟ್ಟರೆ ಹೊರಗಿನಿಂದ ಯಾವ ಚಾರ್ಜೂ ಒಳಗೆ ನುಗ್ಗಲು ಸುಲಭವಲ್ಲ. ಒಳಗೆ ಹುಟ್ಟಿದ್ದು ಮಾತ್ರ ಹೊರಗೆ ಬರಬೇಕು. ಅದೇ ಬೆಳೆಯ ಹರಳುಗಳಲ್ಲಿ ಚಿನ್ನ-ಚಿನ್ನ ಜೋಡಿಗಿಂತ ಇಲ್ಲಿ ಡಾರ್ಕ್ ಕರೆಂಟ್ ಹತ್ತು ಪಟ್ಟಿನ ಆಸುಪಾಸಿನಲ್ಲಿ ಇಳಿಯಿತು. ಇಡೀ ಕಟ್ಟೋಣದಲ್ಲಿ ಒಂದೇ ಹೆಜ್ಜೆಗೆ ಸಿಕ್ಕ ಅತಿ ದೊಡ್ಡ ಗಳಿಕೆ ಇದು. ಹೊರಪದರಕ್ಕೆ ಬೆಳ್ಳಿಯನ್ನು ಬೇಕೆಂದೇ ದೂರವಿಟ್ಟೆ. ಬ್ರೋಮೈಡ್ ಅಯಾನುಗಳು ಹರಿದು ಬಂದು ಬೆಳ್ಳಿಯನ್ನು ತಿನ್ನುತ್ತವೆ.

ಚಿನ್ನದ ಲೇಪದ ಸುತ್ತ ಸಣ್ಣ ಸಂದು ಬಿಟ್ಟು ಇನ್ನೊಂದು ಚಿನ್ನದ ಉಂಗುರವನ್ನೂ ಹಾಕಿದೆ. ಇದು ಗಾರ್ಡ್ ರಿಂಗ್. ನಡುವಿನ ಎಲೆಕ್ಟ್ರೋಡಿನಷ್ಟೇ ವೋಲ್ಟೇಜಿನಲ್ಲಿ ಇದನ್ನು ಇಟ್ಟರೆ ಹರಳಿನ ಅಂಚಿನಲ್ಲಿ ಸೋರುವ ಕರೆಂಟ್ ಉಂಗುರಕ್ಕೆ ಇಳಿದು ಹೋಗುತ್ತದೆ, ಅಳತೆಗೆ ಸೇರುವುದಿಲ್ಲ.

ಪೆಟ್ಟಿಗೆ ಮತ್ತು ಆಂಪ್ಲಿಫೈಯರ್

ಹರಳು ಬೆಳಕಿಗೂ ಸೂಕ್ಷ್ಮ. ಹಸಿರು ಮತ್ತು ಅದಕ್ಕಿಂತ ಹೆಚ್ಚು ಶಕ್ತಿಯ ಬೆಳಕೆಲ್ಲ ಅದರಲ್ಲಿ ಕರೆಂಟ್ ಹುಟ್ಟಿಸುತ್ತದೆ. ಕೊಠಡಿಯ ದೀಪದ ಎದುರು ಎಕ್ಸ್-ರೇ ಸಂಕೇತ ಏನೂ ಅಲ್ಲ. ಅಲ್ಯೂಮಿನಿಯಂ ಪೆಟ್ಟಿಗೆ, ಕಿರಣ ಬರುವ ಕಿಟಕಿಗೆ ತೆಳುವಾದ ಅಲ್ಯೂಮಿನಿಯಂ ಹಾಳೆ, ಅದರ ಸಂದುಗಳಿಗೆ ಕಪ್ಪು ಟೇಪು. ಟಾರ್ಚನ್ನು ಪೆಟ್ಟಿಗೆಯ ಪ್ರತಿ ಮೂಲೆಗೂ ಹಿಡಿದು ಕರೆಂಟ್ ಅಲುಗುವುದಿಲ್ಲವೆಂದು ಖಾತ್ರಿ ಮಾಡಿಕೊಂಡೆ.

ಆಂಪ್ಲಿಫೈಯರ್‌ಗೆ ಎಡಿಎ4530-1 ಎಂಬ ಚಿಪ್. ಅದರ ಇನ್‌ಪುಟ್ ತಾನಾಗಿ ಎಳೆಯುವ ಕರೆಂಟ್ ಫೆಮ್ಟೋಆಂಪಿಯರ್ ಲೆಕ್ಕದಲ್ಲಿರುತ್ತದೆ, ಗಾರ್ಡ್‌ಗೆ ಬೇಕಾದ ಬಫರ್ ಅದರೊಳಗೇ ಇದೆ. ಫೀಡ್‌ಬ್ಯಾಕ್ ರೆಸಿಸ್ಟರ್ (ಬಂದ ಕರೆಂಟನ್ನು ಔಟ್‌ಪುಟ್ ವೋಲ್ಟೇಜಾಗಿ ಬದಲಿಸುವುದು ಇದು) 100 ಮೆಗಾಓಮ್. 1 ಗಿಗಾಓಮ್ ಹಾಕಿದರೆ ನಾಯ್ಸ್ (ಅಳತೆಯಲ್ಲಿ ಬೆರೆಯುವ ಅಡ್ಡಾದಿಡ್ಡಿ ಅಲುಗಾಟ) ಇನ್ನೂ ಕಡಿಮೆಯಾಗುತ್ತದೆ ನಿಜ, ಆದರೆ ಹನ್ನೆರಡು ನ್ಯಾನೋಆಂಪಿಯರ್ ಬಂದರೆ ಔಟ್‌ಪುಟ್ 12 ವೋಲ್ಟ್‌ಗೆ ಏರಬೇಕಾಗುತ್ತದೆ, 16 ವೋಲ್ಟ್ ಒಟ್ಟು ಪೂರೈಕೆಯ ಈ ಚಿಪ್‌ನಲ್ಲಿ ಧನ ಬದಿಗೆ ಅಷ್ಟು ಜಾಗವಿಲ್ಲ. ಇಲ್ಲಿಯೂ ನೋಡಿ, ಆಂಪ್ಲಿಫೈಯರ್ ಎಷ್ಟು ದೊಡ್ಡದು ಮಾಡಬಹುದೆಂದು ನಿರ್ಧರಿಸುವುದು ಸಂಕೇತವಲ್ಲ, ಡಾರ್ಕ್ ಕರೆಂಟ್.

ಬೋರ್ಡಿನ ಮೇಲೆ ಬೆಸುಗೆಯ ಫ್ಲಕ್ಸ್ ಒಂದಿಷ್ಟು ಉಳಿದರೂ ಅದೇ ಸೋರಿಕೆಯ ದಾರಿ. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆದು ಒಣಗಿಸಿ, ಹರಳಿನ ತಂತಿಯನ್ನು ಬೋರ್ಡಿಗೆ ತಾಕಿಸದೆ ಟೆಫ್ಲಾನ್ ಕಂಬದ ಮೇಲೆ ನಿಲ್ಲಿಸಿದೆ. ತೊಳೆಯುವ ಕೆಲಸವೆಲ್ಲ ಹರಳನ್ನು ಕೂರಿಸುವ ಮೊದಲೇ ಮುಗಿಯಬೇಕು, ಆಲ್ಕೋಹಾಲ್ ಹರಳಿಗೆ ಏನು ಮಾಡುತ್ತದೆಂದು ಮೇಲೆ ಹೇಳಿದ್ದೇನೆ.

ಎಕ್ಸ್-ರೇ ಮೂಲ, ಡಿಟೆಕ್ಟರ್, ಸ್ಟೇಜ್ ಎಲ್ಲವೂ ಸೀಸದ ಗೋಡೆಯ ಕ್ಯಾಬಿನೆಟ್ಟಿನೊಳಗೆ. ಬಾಗಿಲು ತೆರೆದರೆ ಟ್ಯೂಬ್ ತಾನಾಗಿ ಆರಿಹೋಗುವ ಇಂಟರ್‌ಲಾಕ್ ಇದೆ, ಎದೆಯ ಮೇಲೆ ಡೋಸಿಮೀಟರ್ ಬ್ಯಾಡ್ಜ್. ಟ್ಯೂಬ್ ಟಂಗ್‌ಸ್ಟನ್ ಗುರಿಯದು, 50 ಕಿಲೋವೋಲ್ಟ್‌ನಲ್ಲಿ ನಡೆಸಿದೆ.

ಕರೆಂಟ್ ಬಂದಿದ್ದು ಹರಳಿನಿಂದಲೇ?

ಮೊದಲ ಸಲ ಶಟರ್ ತೆರೆದಾಗ ಗೆರೆ ಥಟ್ಟನೆ ಮೇಲೇರುತ್ತದೆ, ಮುಚ್ಚಿದಾಗ ಇಳಿಯುತ್ತದೆ. ಆ ನೋಟಕ್ಕೆ ಯಾರಿಗಾದರೂ ಸಂತೋಷವಾಗುತ್ತದೆ. ಆದರೆ ಆ ಏರಿಕೆಯಷ್ಟನ್ನೂ ಹರಳಿನ ಲೆಕ್ಕಕ್ಕೆ ಬರೆಯಬಾರದು. ಎಕ್ಸ್-ರೇ ಗಾಳಿಯನ್ನೂ ಅಯಾನೀಕರಿಸುತ್ತದೆ. ವೋಲ್ಟೇಜ್ ಇರುವ ಬರಿ ತಂತಿ, ಎಲೆಕ್ಟ್ರೋಡಿನ ಅಂಚು ಆ ಅಯಾನುಗಳನ್ನು ಎಳೆದುಕೊಂಡು ಅಸಲಿ ಸಂಕೇತದಂತೆಯೇ ಕಾಣುವ ಕರೆಂಟ್ ಕೊಡುತ್ತವೆ.

ಇದಕ್ಕೆ ಒಂದೇ ನಂಬಲರ್ಹ ಪರೀಕ್ಷೆ: ಹರಳಿನ ಜಾಗದಲ್ಲಿ ಅದೇ ಅಳತೆಯ ಅಲ್ಯೂಮಿನಾ ತುಂಡಿಗೆ ಅದೇ ಆಕಾರದ ಎಲೆಕ್ಟ್ರೋಡ್ ಹಾಕಿ, ಅದೇ ತಂತಿ, ಅದೇ ವೋಲ್ಟೇಜ್, ಅದೇ ಡೋಸ್‌ನಲ್ಲಿ ಅಳೆಯುವುದು. ಅಲ್ಯೂಮಿನಾ ಏನನ್ನೂ ಕೊಡಬಾರದು. ತಂತಿಗಳು ಬರಿಯಾಗಿದ್ದಾಗ ಅದೂ ಕರೆಂಟ್ ಕೊಟ್ಟಿತು. ತಂತಿಗಳಿಗೆ ಎಪಾಕ್ಸಿ ಹಚ್ಚಿ, ಕಿರಣ ಎಲೆಕ್ಟ್ರೋಡಿನ ಒಳಭಾಗಕ್ಕೆ ಮಾತ್ರ ಬೀಳುವಂತೆ ಸೀಸದ ಕೊಲಿಮೇಟರ್ ಇಟ್ಟ ಮೇಲೆ ಅದು ನಾಯ್ಸ್‌ನ ಮಟ್ಟಕ್ಕೆ ಇಳಿಯಿತು. ಇಷ್ಟಾದ ಮೇಲೆ ಹರಳನ್ನು ಮರಳಿ ಕೂರಿಸಿದಾಗ ಸಿಕ್ಕಿದ್ದನ್ನೇ ನಾನು ಸಂಕೇತವೆಂದು ಬರೆದುಕೊಂಡೆ. ಸಂವೇದನೆಯ ಅಂಕಿ ಹೇಳುವ ಪ್ರತಿಯೊಬ್ಬರೂ ಈ ಖಾಲಿ ಪರೀಕ್ಷೆಯ ಗೆರೆಯನ್ನೂ ಜೊತೆಗೆ ತೋರಿಸಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ತೇಲುವ ತಳ

ಬಯಾಸ್ ಕೊಟ್ಟ ಕ್ಷಣದಿಂದ ಡಾರ್ಕ್ ಕರೆಂಟ್, ಅಂದರೆ ಸಂಕೇತ ನಿಲ್ಲುವ ತಳ, ಸರಿಯತೊಡಗುತ್ತದೆ. ಇದು ತಂತಿಯ ದೋಷವಲ್ಲ, ವಸ್ತುವಿನ ಸ್ವಭಾವ. ಈ ಹರಳಿನಲ್ಲಿ ಬ್ರೋಮೈಡ್ ಅಯಾನುಗಳು ತಮ್ಮ ಖಾಲಿ ಜಾಗಗಳ ಮೂಲಕ ನಿಧಾನವಾಗಿ ಜಿಗಿಯುತ್ತಾ ಒಂದು ಬದಿಗೆ ಸೇರುತ್ತವೆ. ಸೇರಿದಂತೆ ಒಳಗಿನ ವಿದ್ಯುತ್ ಕ್ಷೇತ್ರವೇ ಬದಲಾಗುತ್ತದೆ. ಸಿಲಿಕಾನ್‌ನಲ್ಲಿ ಪರಮಾಣುಗಳು ನಿಂತಲ್ಲೇ ನಿಲ್ಲುತ್ತವೆ. ಇಲ್ಲಿ ಅರೆವಾಹಕದ ಚೌಕಟ್ಟೇ ತುಸು ಹರಿಯುತ್ತದೆ. ಸುಲಭವಾಗಿ ದ್ರಾವಣದಿಂದ ಬೆಳೆಯಲು ಬಿಡುವ ಸಡಿಲ ಬಂಧಗಳೇ ಈ ತೇಲಾಟಕ್ಕೂ ಕಾರಣ.

ಮೂರು ಉಪಾಯಗಳು ಕೆಲಸಕ್ಕೆ ಬಂದವು. ಅಳೆಯುವ ಬಹು ಮೊದಲೇ ಬಯಾಸ್ ಕೊಟ್ಟು ಗಂಟೆಗಟ್ಟಲೆ ಬಿಡುವುದು, ನಡುವೆ ಬದಲಿಸದಿರುವುದು. ಪೆಟ್ಟಿಗೆಯ ಉಷ್ಣತೆಯನ್ನು ಪೆಲ್ಟಿಯರ್ ಎಂಬ, ವಿದ್ಯುತ್ತಿನಿಂದ ತಣಿಸುವ ಬಿಲ್ಲೆಯಿಂದ ಒಂದೇ ಮಟ್ಟದಲ್ಲಿ ಹಿಡಿಯುವುದು. ಮತ್ತು ಎಲ್ಲಕ್ಕಿಂತ ಹೆಚ್ಚಾಗಿ, ಶಟರ್‌ನ ಲಯ.

ಶಟರ್ ಮುಚ್ಚಿ ಒಂದು ಸರಾಸರಿ, ತೆರೆದು ಒಂದು ಸರಾಸರಿ, ಮತ್ತೆ ಮುಚ್ಚಿ ಒಂದು ಸರಾಸರಿ. ಮೂರೂ ಒಂದೇ ಅವಧಿಯವು. ಮೊದಲ ಮತ್ತು ಮೂರನೆಯದರ ನಡುವಿನ ಬೆಲೆಯನ್ನು ಎರಡನೆಯದರಿಂದ ಕಳೆದರೆ, ತಳ ನೇರ ಗೆರೆಯಲ್ಲಿ ಸರಿಯುತ್ತಿರುವಷ್ಟು ಕಾಲ ಆ ಸರಿತ ಪೂರ್ತಿ ಕಳೆದುಹೋಗುತ್ತದೆ. ಅವಧಿ ಕಿರಿದಾದಷ್ಟೂ ಬಾಗಿದ ಗೆರೆಯೂ ನೇರದಂತೆ ವರ್ತಿಸುತ್ತದೆ. ಆದರೆ ಹರಳು ಪೂರ್ತಿ ಪ್ರತಿಕ್ರಿಯಿಸುವ ಸಮಯಕ್ಕಿಂತ ಕಿರಿದು ಮಾಡುವಂತಿಲ್ಲ. ಕೆಲವು ಸೆಕೆಂಡುಗಳ ಅವಧಿ ನನ್ನ ಹರಳಿಗೆ ಹೊಂದಿತು.

ಈ ಲಯ ಕೈಗೆ ಬಂದ ಮೇಲೆಯೇ ಬಯಾಸ್ ಎಷ್ಟಿರಬೇಕೆಂದು ಹುಡುಕಿದ್ದು. ವೋಲ್ಟೇಜ್ ಏರಿಸಿದರೆ ಸಂಕೇತ ಏರುತ್ತದೆ, ಏಕೆಂದರೆ ಚಾರ್ಜುಗಳು ನಡುದಾರಿಯಲ್ಲಿ ಸಾಯುವ ಮೊದಲೇ ಎಲೆಕ್ಟ್ರೋಡ್ ಮುಟ್ಟುತ್ತವೆ. ತೀರಾ ಏರಿಸಿದರೆ ಹುಟ್ಟಿದ ಜೋಡಿಗಳಿಗಿಂತ ಹೆಚ್ಚು ಚಾರ್ಜ್ ಹರಿಯತೊಡಗುತ್ತದೆ. ಸಿಕ್ಕಿಬಿದ್ದ ಒಂದು ಚಾರ್ಜ್ ಬಿಡುಗಡೆಯಾಗುವ ತನಕ ಇನ್ನೊಂದು ಬದಿಯ ಚಾರ್ಜ್ ಸುತ್ತು ಹೊಡೆಯುತ್ತಲೇ ಇರುತ್ತದೆ. ಕಾಗದದ ಮೇಲೆ ಸಂವೇದನೆಯ ಅಂಕಿ ಬೆರಗು ಹುಟ್ಟಿಸುವಷ್ಟು ದೊಡ್ಡದಾಗುತ್ತದೆ. ಆದರೆ ಜೊತೆಗೆ ನಾಯ್ಸ್ ಏರುತ್ತದೆ, ಪ್ರತಿಕ್ರಿಯೆ ನಿಧಾನವಾಗುತ್ತದೆ, ತಳ ಇನ್ನಷ್ಟು ತೇಲುತ್ತದೆ. ಪ್ರತಿ ಬಯಾಸ್‌ನಲ್ಲೂ ಸಂಕೇತವನ್ನು ನಾಯ್ಸ್‌ನಿಂದ ಭಾಗಿಸಿ ಗೆರೆ ಎಳೆದಾಗ ಅದು ಕೆಲವೇ ವೋಲ್ಟ್‌ಗಳಲ್ಲಿ ಶಿಖರ ಮುಟ್ಟಿ ಇಳಿಯಿತು. ನಾನು ನಿಂತಿದ್ದು ಆ ಶಿಖರದಲ್ಲಿ, ಅತಿ ಹೆಚ್ಚು ಸಂವೇದನೆಯ ಜಾಗದಲ್ಲಲ್ಲ.

ಡೋಸ್ ಕಡಿಮೆ ಮಾಡಲು ಕಿರಣದ ದಾರಿಗೆ ಅಲ್ಯೂಮಿನಿಯಂ ತಗಡುಗಳನ್ನು ಒಂದೊಂದಾಗಿ ಸೇರಿಸಿದೆ. ತಗಡು ಮೊದಲು ಮೆದು ಕಿರಣಗಳನ್ನು ನುಂಗುವುದರಿಂದ ಉಳಿದ ಕಿರಣದ ಸ್ವರೂಪವೇ ಬದಲಾಗುತ್ತದೆ, ಆದ್ದರಿಂದ ಸೂತ್ರ ನಂಬದೆ ಪ್ರತಿ ಸಲವೂ ಹರಳಿನ ಜಾಗದಲ್ಲಿ ಅಯಾನ್ ಚೇಂಬರ್ ಇಟ್ಟು ಡೋಸ್ ಅಳೆದೆ. ಸಂಕೇತ ನಾಯ್ಸ್‌ನ ಮೂರು ಪಟ್ಟಿರುವ ಡೋಸ್ ಅನ್ನು ಪತ್ತೆಯ ಮಿತಿ ಎನ್ನುತ್ತಾರೆ. ಹೆಚ್ಚು ಡೋಸ್‌ನ ಬಿಂದುಗಳಿಂದ ಗೆರೆ ಎಳೆದು ಆ ಮಿತಿಯನ್ನು ಊಹಿಸುವ ರೂಢಿಯೂ ಇದೆ. ಅದು ನನಗೆ ಒಪ್ಪಿಗೆಯಿಲ್ಲ. ಮಿತಿಯ ಬಳಿ ತೇಲುವ ತಳ ಏನು ಮಾಡುತ್ತದೆಂದು ಆ ಗೆರೆಗೆ ಗೊತ್ತಿರುವುದಿಲ್ಲ. ವೈದ್ಯಕೀಯ ಚಿತ್ರಣಕ್ಕೆ ಪ್ರಬಂಧಗಳು ಮಾನದಂಡವಾಗಿ ಹೇಳುವ ಸೆಕೆಂಡಿಗೆ 5.5 ಮೈಕ್ರೋಗ್ರೇ ಮಟ್ಟದಲ್ಲಿ ಶಟರ್‌ನ ಲಯವನ್ನು ಹಲವು ಸುತ್ತು ಸರಾಸರಿ ಮಾಡಿದಾಗ ನನ್ನ ಹರಳಿನ ಸಂಕೇತ ಸ್ಪಷ್ಟವಾಗಿ ನಿಂತಿತು. ಒಂದೇ ಸುತ್ತಿನಲ್ಲಿ ನಿಲ್ಲಲಿಲ್ಲ.

ಚಿತ್ರ

ಒಂದೇ ಹರಳು ಎಂದರೆ ಒಂದೇ ಪಿಕ್ಸೆಲ್. ಚಿತ್ರ ಬೇಕಾದರೆ ವಸ್ತುವನ್ನು ಸೂಜಿರಂಧ್ರದ ಮುಂದೆ ಸಾಲು ಸಾಲಾಗಿ ಸರಿಸಬೇಕು. ರಂಧ್ರ 0.3 ಮಿ.ಮೀ., ಹೆಜ್ಜೆ ಅದಕ್ಕಿಂತ ಚಿಕ್ಕದು.

ರಂಧ್ರ ಇಟ್ಟ ಕೂಡಲೇ ಗೋಡೆಯ ಲೆಕ್ಕ ಇನ್ನೂ ಕ್ರೂರವಾಗುತ್ತದೆ. ಕಿರಣ ಬೀಳುವ ಜಾಗ 5 ಮಿ.ಮೀ. ಚೌಕದಿಂದ 0.3 ಮಿ.ಮೀ. ವೃತ್ತಕ್ಕೆ, ಅಂದರೆ ಸುಮಾರು 350 ಪಟ್ಟು ಕುಗ್ಗಿತು, ಸಂಕೇತವೂ ಅಷ್ಟೇ ಕುಗ್ಗಿತು. ಡಾರ್ಕ್ ಕರೆಂಟ್ ಮಾತ್ರ ಒಂದಿಷ್ಟೂ ಕುಗ್ಗಲಿಲ್ಲ, ಏಕೆಂದರೆ ಇಡೀ ಹರಳಿಗೆ ವೋಲ್ಟೇಜ್ ಇದೆ. ನಿಜವಾದ ಪ್ಯಾನೆಲ್‌ನಲ್ಲಿ ಪಿಕ್ಸೆಲ್ ಸಣ್ಣದಾದಂತೆ ಎರಡೂ ಒಟ್ಟಿಗೆ ಕುಗ್ಗುತ್ತವೆ; ಅವರಿಗಿರುವ ಆ ಅನುಕೂಲ ಒಂಟಿ ಹರಳಿಗೆ ಇಲ್ಲ. ಹಾಗಾಗಿ ಚಿತ್ರಕ್ಕೆ ಡಿಟೆಕ್ಟರನ್ನು ಟ್ಯೂಬಿನ ಹತ್ತಿರ ತಂದು ಸೆಕೆಂಡಿಗೆ ಮಿಲಿಗ್ರೇಗಳ ಡೋಸ್‌ನಲ್ಲಿ ತೆಗೆದೆ. ಪೆನ್ನಿಗೆ ಅದರಿಂದ ತೊಂದರೆಯಿಲ್ಲ.

ಪ್ರತಿ ಬಿಂದುವಿಗೂ ಶಟರ್ ಮುಚ್ಚಿ ತೆರೆಯಲು ಸಮಯವಿಲ್ಲ. ಪ್ರತಿ ಸಾಲಿನ ಮೊದಲು ಮತ್ತು ಕೊನೆಗೆ ಮುಚ್ಚಿದ ಬೆಲೆ ಒಂದು, ವಸ್ತುವಿಲ್ಲದ ತೆರೆದ ಬೆಲೆ ಒಂದು ತೆಗೆದುಕೊಂಡು ಆ ಸಾಲನ್ನು ಅವುಗಳಿಂದ ಸರಿಪಡಿಸಿದೆ. ಸರಿಪಡಿಸದ ಚಿತ್ರದಲ್ಲಿ ಅಡ್ಡ ಪಟ್ಟೆಗಳೇ ತುಂಬಿದ್ದವು, ಪೆನ್ನು ಅವುಗಳ ಹಿಂದೆಲ್ಲೋ ಇತ್ತು. ಸರಿಪಡಿಸಿದ ಮೇಲೆ ಮೊದಲು ಲೋಹದ ಮೊನೆ, ಆಮೇಲೆ ರೀಫಿಲ್‌ನ ಮಸುಕು ಗೆರೆ, ನಡುವೆ ಸ್ಪ್ರಿಂಗ್‌ನ ಒಂದೊಂದು ಸುರುಳಿಯೂ ಬೇರೆಬೇರೆಯಾಗಿ ಎದ್ದು ಬಂತು.

ಒಂದು ದೋಷ ಉಳಿಯಿತು. ಪ್ರಕಾಶಮಾನ ಜಾಗದಿಂದ ಕತ್ತಲ ಜಾಗಕ್ಕೆ ಸರಿದಾಗ ಕರೆಂಟ್ ತಕ್ಷಣ ಇಳಿಯದೆ ಒಂದು ಬಾಲ ಬಿಡುತ್ತದೆ. ಬಲೆಗಳಲ್ಲಿ ಸಿಕ್ಕಿದ ಚಾರ್ಜುಗಳು ನಿಧಾನವಾಗಿ ಬಿಡುಗಡೆಯಾಗುವುದೇ ಇದಕ್ಕೆ ಕಾರಣ. ಇದನ್ನು ಅಳೆಯಲು ಅದೇ ಸಾಲನ್ನು ಎಡದಿಂದ ಬಲಕ್ಕೆ ಒಮ್ಮೆ, ಬಲದಿಂದ ಎಡಕ್ಕೆ ಒಮ್ಮೆ ತೆಗೆದು ಒಂದರ ಮೇಲೊಂದು ಇಟ್ಟೆ. ಸುರುಳಿಗಳ ಸ್ಥಾನ ಎರಡರಲ್ಲೂ ಒಂದೇ ಇರಬೇಕಿತ್ತು, ಒಂದು ಹೆಜ್ಜೆಯೊಳಗಿನ ಅಂತರ ಕಂಡಿತು. ಪ್ರತಿ ಬಿಂದುವಿನಲ್ಲಿ ನಿಲ್ಲುವ ಸಮಯ ಹೆಚ್ಚಿಸಿದಾಗ ಆ ಅಂತರ ಕರಗಿತು. ಕ್ಷಣಕ್ಕೆ ಹಲವು ಚಿತ್ರ ಬೇಕಾಗುವ ಫ್ಲೋರೋಸ್ಕೋಪಿಗೆ ಈ ಬಾಲವೇ ದೊಡ್ಡ ಅಡ್ಡಿ.

ದೊಡ್ಡ ಪ್ಯಾನೆಲ್‌ಗೆ ಒಂಟಿ ಹರಳು ಹೊಂದುವುದಿಲ್ಲ, ಎದೆಯ ಚಿತ್ರಕ್ಕೆ ಅಂಗೈಯಗಲದ ಹರಳೂ ಸಾಲದು. 2017ರಲ್ಲಿ ಕೊರಿಯಾದ ಸಂಶೋಧಕರು ಮೀಥೈಲ್‌ಅಮೋನಿಯಂ ಲೆಡ್ ಅಯೋಡೈಡ್‌ನ 830 ಮೈಕ್ರಾನ್ ದಪ್ಪದ ಪದರವನ್ನು ಟ್ರಾನ್ಸಿಸ್ಟರ್ ಫಲಕದ ಮೇಲೆ ಮುದ್ರಿಸಿ ಎಕ್ಸ್-ರೇ ಚಿತ್ರ ತೋರಿಸಿದರು. ಪುಡಿಯನ್ನು ಒತ್ತಿ ಬಿಲ್ಲೆ ಮಾಡುವ ದಾರಿಯೂ ಇದೆ. ಅಲ್ಲಿ ಕಣಗಳ ನಡುವಿನ ಗಡಿಗಳು ಅಯಾನುಗಳಿಗೆ ಹೆದ್ದಾರಿಯಾಗುತ್ತವೆ, ತೇಲುವ ತಳದ ಸಮಸ್ಯೆ ಅವರಿಗೆ ಇನ್ನೂ ಜೋರು.

ಮುಂದಿನ ಹರಳು

ಇದೇ ಹರಳಿನಲ್ಲಿ ಬ್ರೋಮೈಡ್‌ನ ಸಣ್ಣ ಪಾಲನ್ನು ಕ್ಲೋರೈಡ್‌ನಿಂದ ಬದಲಿಸಿದರೆ ರೋಧಶೀಲತೆ ಹತ್ತು ಪಟ್ಟಿಗೂ ಮೀರಿ ಏರುತ್ತದೆಂದು ಹುವಾಂಗ್ ತಂಡ 2017ರಲ್ಲಿ ತೋರಿಸಿತು. ಗಾಮಾ ಕಿರಣದ ಶಕ್ತಿಯನ್ನು ಬಿಡಿಸಿ ಓದುವಷ್ಟು ಆ ಹರಳುಗಳು ಶಾಂತವಾಗಿದ್ದವು. ಸಾವಯವ ಭಾಗವೇ ಇಲ್ಲದ ಸೀಸಿಯಂ ಲೆಡ್ ಬ್ರೋಮೈಡ್ ಇನ್ನೂ ಗಟ್ಟಿ, ಆದರೆ ಒಳ್ಳೆಯ ಹರಳಿಗೆ ಕರಗಿಸಿ ಬೆಳೆಸುವ ಕುಲುಮೆ ಬೇಕು. ಸೀಸವೇ ಬೇಡವೆನ್ನುವವರಿಗೆ ಬೆಳ್ಳಿ-ಬಿಸ್ಮತ್ ಜೋಡಿಯ ಸೀಸಿಯಂ ಬ್ರೋಮೈಡ್ ಇದೆ. 2017ರಲ್ಲಿ ಅದರ ಒಂಟಿ ಹರಳಿನಿಂದ ಸೆಕೆಂಡಿಗೆ 59.7 ನ್ಯಾನೋಗ್ರೇ ತನಕ ಪತ್ತೆ ಮಾಡಿದ ವರದಿ ಬಂತು, ಅದರಲ್ಲಿ ಅಯಾನುಗಳ ಓಡಾಟವೂ ಕಡಿಮೆ.

ನಾನು ಮೊದಲು ಹಿಡಿದಿರುವುದು ಕ್ಲೋರೈಡ್ ದಾರಿ, ಕೈಯಲ್ಲಿರುವ ತೊಟ್ಟಿ, ಸೀಸೆ, ಬೀಜದ ಕ್ರಮ ಎಲ್ಲವೂ ಅದಕ್ಕೆ ಒದಗುತ್ತವೆ. ಲೆಡ್ ಕ್ಲೋರೈಡ್ ಬರಿ ಡಿಎಂಎಫ್‌ನಲ್ಲಿ ಚೆನ್ನಾಗಿ ಕರಗುವುದಿಲ್ಲ, ಹಾಗಾಗಿ ಅದಕ್ಕೆ ಡಿಎಂಎಸ್‌ಒ ಎಂಬ ಇನ್ನೊಂದು ದ್ರಾವಕ ಬೆರೆಸಿದ್ದೇನೆ. ಹರಳುಗಟ್ಟುವ ಉಷ್ಣತೆ ಅದರಿಂದ ಬದಲಾಗುತ್ತದೆ, ಪುಟ್ಟ ಸೀಸೆಯ ಗುರುತನ್ನು ಹೊಸದಾಗಿ ಹಾಕಿಕೊಳ್ಳಬೇಕು. ಎಲೆಕ್ಟ್ರೋಡ್ ಬದಲಿಸುವುದಿಲ್ಲ, ಆಂಪ್ಲಿಫೈಯರ್ ಬದಲಿಸುವುದಿಲ್ಲ. ಡಾರ್ಕ್ ಕರೆಂಟ್ ನಿಜಕ್ಕೂ ಹತ್ತು ಪಟ್ಟು ಇಳಿದರೆ ಫೀಡ್‌ಬ್ಯಾಕ್‌ಗೆ 1 ಗಿಗಾಓಮ್ ಹಾಕಲು ಜಾಗ ಸಿಗುತ್ತದೆ, ಆಗ 5.5 ಮೈಕ್ರೋಗ್ರೇ ಒಂದೇ ಸುತ್ತಿನಲ್ಲಿ ನಿಲ್ಲುತ್ತದೆಯೇ ಎಂಬುದೇ ಮೊದಲ ಅಳತೆ.